ಸುಸ್ತಿಗೆ ಔಷಧ

ಊಟವಾದ ಮೇಲೆ ನನ್ನ ಕಣ್ಣುಗಳು ನನ್ನ ಮಾತು ಕೇಳುವುದಿಲ್ಲ. ನಿದ್ದೆ ಬರಿಸುವ ಗುಳಿಗೆ ಇರುವ ಹಾಗೆ ನಿದ್ದೆ ಓಡಿಸುವ ಗುಳಿಗೆಯೂ ಈಗ ಇದೆಯಂತೆ. ಬರೆದುಕೊಡಲೇ ಎಂದು ಮೈಲೂರಿನ ಡಾಕ್ಟರು ಕೇಳಿದರು. ನನಗೆ ನಗು ಬಂತು. ಪಾಪ, ಚಿಕ್ಕ ವಯಸ್ಸಿನವರು. ಹಗಲು ನಿದ್ದೆಗೆ ಈ ಬೀದರ್ ಜಿಲ್ಲೆಯಲ್ಲಿ ಏನೇನು ಔಷಧ ಸಿಗುತ್ತಿತ್ತೋ ಅದನ್ನೆಲ್ಲ ನಾನು ಹರೆಯದಲ್ಲೇ ತಿಂದು, ಕುಡಿದು, ಕಣ್ಣಿಗೂ ಹಚ್ಚಿಕೊಂಡು ಮುಗಿಸಿದವನು ಎಂದು ಅವರಿಗೆ ಹೇಗೆ ಹೇಳಲಿ?

ಆಗ ನಿಜಾಮರ ಕಾಲ. ನಾನು ಭಾಲ್ಕಿಯ ಶಾಲೆಗೆ ಹೊಸ ಮಾಸ್ತರ. ಕನ್ನಡದಲ್ಲಿ ಯೋಚಿಸಿ ಉರ್ದುವಿನಲ್ಲಿ ಗಣಿತ ಕಲಿಸಬೇಕು. ನಿದ್ದೆಗೆ ಮಾತ್ರ ಯಾವ ಭಾಷೆಯ ಹಂಗೂ ಇರಲಿಲ್ಲ. ಹಲಗೆಯ ಮೇಲೆ ಭಾಗಾಕಾರ ಶುರುಮಾಡಿದಾಗ ಎಚ್ಚರ ಇರುತ್ತಿದ್ದೆ. ಶೇಷ ಉಳಿಯುವ ಹೊತ್ತಿಗೆ ನನ್ನ ಹಣೆ ಹಲಗೆಗೆ ತಾಗಿರುತ್ತಿತ್ತು. ಸಂಜೆ ಹಣೆಯ ಮೇಲಿನ ಸೀಮೆಸುಣ್ಣ ನೋಡಿ ನನ್ನ ಹೆಂಡತಿ ನೀಲಮ್ಮ, "ಯಾಕ್ರೀ, ಸಾಲ್ಯಾಗೂ ವಿಭೂತಿ ಹಚ್ತಾರೇನು?" ಎಂದು ಕೇಳುತ್ತಿದ್ದಳು.

ಒಂದು ದಿನ ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬಂದುಬಿಟ್ಟರು. ನಾನು ಹಲಗೆಗೆ ಒರಗಿದ್ದೆ. ಗಡಬಡಿಸಿ ಎದ್ದು, ನನಗೆ ಬರುವ ಉರ್ದುವಿನಲ್ಲಿ, "ಸಾಬ್, ಬಹುತ್ ಸುಸ್ತಿ ಹೈ" ಎಂದೆ. ನಮ್ಮ ಕನ್ನಡದ ಸುಸ್ತಿಗೆ ಉರ್ದುವಿನ ಟೋಪಿ ಇಟ್ಟರೆ ಸಾಕು ಎಂದು ತಿಳಿದಿದ್ದೆ. ನಮ್ಮಲ್ಲಿ ಸುಸ್ತು ಎಂದರೆ ದಣಿವು, ಉರ್ದುವಿನಲ್ಲಿ ಸುಸ್ತಿ ಎಂದರೆ ಸೋಮಾರಿತನ! "ಹುಜೂರ್, ನಾನು ಮಹಾ ಮೈಗಳ್ಳ" ಎಂದು ಕೈಮುಗಿದು ಹೇಳಿದ ಹಾಗಾಯಿತು. "ವೋ ತೋ ದಿಖ್ ರಹಾ ಹೈ" ಎಂದರು ಸಾಹೇಬರು. ಅದು ಕಾಣ್ತಾ ಇದೆ ಎಂದು. ಇನ್ನೊಂದು ಸಲ ಕಣ್ಣು ಮುಚ್ಚಿದ್ದು ಕಂಡರೆ ನೌಕರಿ ಹೋಯಿತು ಎಂದು ತಿಳಿದುಕೋ ಎಂದೂ ಹೇಳಿ ಹೋದರು.

ಆ ನೌಕರಿಯ ಮೇಲೆ ನೀಲಮ್ಮ, ಮೆಹಕರದಲ್ಲಿದ್ದ ನನ್ನ ತಾಯಿ, ಇಬ್ಬರು ತಂಗಿಯರು ಎಲ್ಲರೂ ಕೂತಿದ್ದರು. ಔಷಧಕ್ಕೆ ಹೊರಟೆ.

ಬೀದರಿನ ಹಕೀಮರು ನಾಡಿ ಹಿಡಿದು, ನಿಮ್ಮ ಮಿದುಳಿನಲ್ಲಿ ತಂಪು ಏರಿದೆ ಎಂದು ಮಾಜೂನ್ ಕೊಟ್ಟರು. ಬಾದಾಮಿ, ಕೇಸರಿ, ಜೇನುತುಪ್ಪ ಹಾಕಿ ಅರೆದ ಲೇಹ್ಯ. ಹಾಲಿನ ಜೊತೆ ತಿಂದರೆ ಬಾಣಂತಿಯ ಹಾಗೆ ಸುಖನಿದ್ದೆ ಬರುತ್ತಿತ್ತು. ಔರಾದಿನ ವೈದ್ಯರು ಇದು ಕಫ ಎಂದರು. ಹಗಲು ನಿದ್ದೆಗೆ ಅವರ ಶಾಸ್ತ್ರದಲ್ಲಿ ದಿವಾಸ್ವಪ್ನ ಎಂದು ಹೆಸರಂತೆ. ರೋಗ ಹೋಗದಿದ್ದರೂ ಚಿಂತೆಯಿಲ್ಲ, ಹೆಸರು ಎಷ್ಟು ಚೆಂದ ಇದೆ ಎಂದುಕೊಂಡೆ. ಅವರು ಕೊಟ್ಟ ಹಿಪ್ಪಲಿಯ ಅಂಜನ ಹಚ್ಚಿಕೊಂಡು ಪಾಠಕ್ಕೆ ನಿಂತರೆ ಕಣ್ಣಿನಿಂದ ಧಾರಾಕಾರ ನೀರು. ಮಾಸ್ತರರ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆಂದು ಮಕ್ಕಳೂ ಅತ್ತವು.

ಕೊನೆಗೆ ಬೀದರಿನ ಮಿಶನ್ ದವಾಖಾನೆ. ಅಲ್ಲಿಯ ಸಿಸ್ಟರ್ ಬಿಳಿ ಗುಳಿಗೆ ಕೊಟ್ಟು, ಇದು ಚಹಾದ ಸತ್ವ, ಒಂದೊಂದೇ ತಗೊಳ್ರಿ ಎಂದರು. ಆಮೇಲೆ, "ರಾತ್ರಿ ನಿದ್ದಿ ಹ್ಯಾಂಗ ಬರ್ತದ್ರಿ?" ಎಂದು ಕೇಳಿದರು.

"ರಾತ್ರಿ ಯಾರು ಮಕ್ಕೋತಾರ್ರೀ ಸಿಸ್ಟರ್?" ಎಂದೆ.

ನಿಜಾಮರ ಪರವಾಗಿ ಊರೂರಿಗೆ ನುಗ್ಗಿ ಲೂಟಿ ಮಾಡುತ್ತಿದ್ದ ರಜಾಕಾರರ ವರ್ಷ ಅದು. ನಮ್ಮ ಓಣಿಯಲ್ಲಿ ಗಂಡಸರೆಲ್ಲ ಬಾಗಿಲ ಹಿಂದೆ ಬಡಿಗೆ ಹಿಡಿದು ಬೆಳಗಿನವರೆಗೆ ಕೂಡುತ್ತಿದ್ದೆವು. ಗುಳಿಗೆಯಿಂದ ಎದೆ ಡವಡವ ಎನ್ನತೊಡಗಿತು. ಅದನ್ನೇ ಹೊರಗೆ ಯಾರೋ ಓಡುವ ಸದ್ದೆಂದುಕೊಂಡು ನಾನು ಮತ್ತಷ್ಟು ಬಿಗಿಯಾಗಿ ಬಡಿಗೆ ಹಿಡಿದೆ. ಹಗಲು ಮಾತ್ರ ಯಥಾಪ್ರಕಾರ ತೂಕಡಿಕೆ. "ಸುಮ್ನ ಯಾಕ ತಿರಗ್ತೀರಿ? ನಿಮ್ಮ ಹೊಟ್ಯಾಗ ಹ್ವಾದ ಔಷಧಕ್ಕೇ ನಿದ್ದಿ ಹತ್ಲತ್ಯಾದ" ಎಂದಳು ನೀಲಮ್ಮ.

ಹಿಂದೂಸ್ತಾನದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮ ಓಣಿಯ ಬಾಗಿಲುಗಳು ತೆರೆದವು, ನಮ್ಮ ಹೆಡ್‌ಮಾಸ್ತರ್ ಖಾದರ್ ಸಾಹೇಬರ ಓಣಿಯ ಬಾಗಿಲುಗಳು ಮುಚ್ಚಿದವು. ಆ ದಿನಗಳಲ್ಲಿ ನಡೆದದ್ದನ್ನು ನಗುನಗುತ್ತಾ ಹೇಳಲು ನನಗೆ ಬರುವುದಿಲ್ಲ, ಬಿಡಿ. ಶಾಲೆ ಮತ್ತೆ ಶುರುವಾಯಿತು. ಭಯ ಹೋದರೂ ನನ್ನ ನಿದ್ದೆ ಮಾತ್ರ ರಾತ್ರಿಪಾಳಿಗೆ ಮರಳಲು ಒಪ್ಪಲಿಲ್ಲ.

ಹೊಸ ಇನ್ಸ್‌ಪೆಕ್ಟರು ಬಂದರು. ಮೈಸೂರು ಸೀಮೆಯವರು, ಕಾಲಲ್ಲಿ ಕಿರ್ರೆನ್ನುವ ಬೂಟು. ಆ ಬೂಟಿನ ಸದ್ದಿಗೂ ನನಗೆ ಎಚ್ಚರವಾಗಲಿಲ್ಲ. "ಏನ್ ಮೇಷ್ಟ್ರೇ ಇದು?" ಎಂದಾಗ ಕಣ್ಣು ಬಿಟ್ಟೆ. ಸುಸ್ತಿ ಎಂಬ ಮಾತನ್ನು ಈ ಜನ್ಮದಲ್ಲಿ ಆಡಬಾರದು ಎಂದು ಪಾಠ ಕಲಿತಿದ್ದೆನಲ್ಲ! ನನಗೇನೂ ರೋಗವಿಲ್ಲ, ಗಟ್ಟಿಯಾಗಿದ್ದೇನೆ ಎಂದು ತಿಳಿಸಲು ನಮ್ಮ ಮಾತಿನಲ್ಲಿ, "ಆರಾಮ ಇದ್ದೇನ್ರಿ ಸಾಹೇಬ್ರ" ಎಂದೆ.

"ಆರಾಮಾಗಿರೋದು ಕಾಣ್ತಾ ಇದೆ" ಎಂದರು ಅವರು. "ನಾಳೆಯಿಂದ ಬರಬೇಡಿ."

ರಾಜ್ಯ ಬದಲಾದರೂ ನನ್ನ ಹಣೆಬರಹ ಬದಲಾಗಿರಲಿಲ್ಲ. ನೀಲಮ್ಮನಿಗೆ ಏನು ಹೇಳಲಿ ಎನ್ನುವುದೊಂದೇ ಯೋಚನೆ.

ಅಷ್ಟರಲ್ಲಿ ಖಾದರ್ ಸಾಹೇಬರು ಒಳಗೆ ಬಂದರು. ಹೊಸ ಅಧಿಕಾರಿಯ ಎದುರು ದನಿ ಎತ್ತುವ ಕಾಲ ಅವರದಾಗಿರಲಿಲ್ಲ. ಆದರೂ ಹೇಳಿದರು: "ಇವ್ರ ನೌಕ್ರಿ ತೆಗಿಬ್ಯಾಡ್ರಿ ಸಾಹೇಬ್ರ. ಹ್ವಾದ ವರ್ಷ ಇವ್ರ ಓಣ್ಯಾಗ ರಾತ್ರಿ ಯಾರೂ ಮಕ್ಕೊಂಡಿಲ್ರಿ. ಈ ವರ್ಷ ನಮ್ಮ ಓಣ್ಯಾಗ ಯಾರೂ ಮಕ್ಕೊಂಡಿಲ್ಲ. ಇಬ್ರಿಗೂ ಕಣ್ ಮುಚ್ಲಾಕ ಈ ಸಾಲಿ ಒಂದೇ ಉಳದದ್ರಿ."

ಇನ್ಸ್‌ಪೆಕ್ಟರು ಕಿರ್ ಕಿರ್ ಎಂದು ಪಕ್ಕದ ಕೋಣೆಗೆ ಹೋದರು. ಖಾದರ್ ಸಾಹೇಬರು ನನ್ನ ಕುರ್ಚಿಯಲ್ಲಿ ಕುಸಿದು ಕುಳಿತರು. ಸ್ವಲ್ಪ ಹೊತ್ತಿಗೆ ಅವರ ತಲೆ ಎದೆಗೆ ಬಾಗಿತು, ಟೋಪಿ ಜಾರಿ ಮೇಜಿನ ಮೇಲೆ ಬಿತ್ತು. ಮಕ್ಕಳು ಕಿಸಕ್ಕೆಂದವು. ನಾನು ತುಟಿಗೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿ, ಭಾಗಾಕಾರವನ್ನು ಪಿಸುದನಿಯಲ್ಲಿ ಮುಂದುವರಿಸಿದೆ. ಶೇಷದವರೆಗೂ ಹೋದೆ. ನೋಡಿ, ಅಷ್ಟೆಲ್ಲ ಮಾಜೂನ್, ಅಂಜನ, ಗುಳಿಗೆಗಳಿಂದ ಆಗದ್ದು ಅವತ್ತು ಆಯಿತು: ನನಗೆ ಒಂದಿಷ್ಟೂ ನಿದ್ದೆ ಬರಲಿಲ್ಲ.

ಬೂಟಿನ ಸದ್ದು ಮತ್ತೆ ಬಾಗಿಲಿಗೆ ಬಂತು. ಇನ್ಸ್‌ಪೆಕ್ಟರು ಮಲಗಿದ್ದ ಹೆಡ್‌ಮಾಸ್ತರರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನು ಹೇಳಬೇಕು? ಬಾಯಿಗೆ ಬಂದದ್ದು ಅದೇ ಹಾಳು ಮಾತು.

"ಸುಸ್ತಾಗ್ಯಾದ್ರಿ ಅವ್ರಿಗಿ" ಎಂದೆ.

ಅವರು ಬಗ್ಗಿ ಬೂಟು ಬಿಚ್ಚಿದರು. ಅವನ್ನು ಕೈಯಲ್ಲಿ ಹಿಡಿದುಕೊಂಡು, "ನಾಳೆ ಬನ್ನಿ, ಮೇಷ್ಟ್ರೇ" ಎಂದು ಪಿಸುಗುಟ್ಟಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದರು.