ಮೂಗು ಬಿಟ್ಟು ಮುಳುಗಿದ್ದು

ಎರಡು ದಿನ ಗಾಳಿ ಬಿಡಲಿಲ್ಲ. ಲಕ್ಷದ್ವೀಪದ ಆ ಸಣ್ಣ ನಡುಗಡ್ಡೆಯಲ್ಲಿ ನಾವು ಉಳಿದುಕೊಂಡಿದ್ದ ಕೋಣೆಯ ಮುಂದೆ ತೆಂಗಿನ ಗರಿಗಳು ಹಗಲೆಲ್ಲ ಒಂದನ್ನೊಂದು ಬಡಿದುಕೊಳ್ಳುತ್ತಿದ್ದವು. ದೋಣಿಗಳನ್ನು ಮರಳಿನ ಮೇಲೆ ಎಳೆದು ನಿಲ್ಲಿಸಿದ್ದರು. ನಾನು ಬಾಗಿಲಿಗೆ ಬಂದು ಸಮುದ್ರ ನೋಡುವುದು, ಒಳಗೆ ಹೋಗಿ ಮಡಿಚಿಟ್ಟ ಬಟ್ಟೆಯನ್ನೇ ಮತ್ತೆ ಮಡಿಚುವುದು, ಮತ್ತೆ ಬಾಗಿಲಿಗೆ ಬರುವುದು. ಮೂರನೆಯ ದಿನ ಮಧ್ಯಾಹ್ನ ಊರಿಗೆ ಮರಳುವ ನಮ್ಮ ವಿಮಾನ ಇತ್ತು.

"ಕುಂಡ್ರು ತಂಗಿ. ನೀ ಅಡ್ಡಾಡಿದ್ರ ಗಾಳಿ ನಿಂದರತೈತೇನ?" ಎಂದರು ಅತ್ತೆ.

ಕೂತುಕೊಂಡೆ. ಮತ್ತೆ ಎದ್ದೆ.

ಈ ಪ್ರವಾಸ ನನ್ನ ಆಸೆಯಿಂದಲೇ ಹೊರಟದ್ದು. ಬಾಗಲಕೋಟೆಯ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಮ್ಮೆ ಸಮುದ್ರದಡಿಯ ಹವಳದ ಬಣ್ಣದ ಚಿತ್ರ ತೋರಿಸಿ, ಇದು ಕಲ್ಲಲ್ಲ, ಜೀವ ಎಂದಿದ್ದರು. ನಾನು ನಂಬಿರಲಿಲ್ಲ. ಆಮೇಲೆ ಇಳಕಲ್ಲಿನ ಗ್ರಾನೈಟ್ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಲಾರಿಯಿಂದ ಇಳಿಯುವ ಕೆಂಪು ಬಂಡೆಗಳ ಮೇಲೆ ನೀರು ಹೊಡೆದಾಗ ಬಣ್ಣ ಎದ್ದು ಬರುತ್ತಿತ್ತು. ಆಗೆಲ್ಲ ಆ ಚಿತ್ರ ನೆನಪಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ನಮ್ಮ ಮನೆಯವರು, "ಈ ಸಲ ಎಲ್ಲಿಗೆ ಹೋಗೂಣು, ಗೋವಾನೋ ಊಟಿನೋ?" ಎಂದಾಗ ಬಾಯಿಂದ ಬಂದುಬಿಟ್ಟಿತು.

"ಹವಳ ನೋಡಬೇಕ್ರಿ."

"ಹವಳ ಬೇಕಾದ್ರ ಸರಾಫರ ಅಂಗಡಿಗೆ ಹೋದ್ರಾತು" ಎಂದು ನಕ್ಕರು. ಆದರೂ ಕರೆದುಕೊಂಡು ಬಂದರು. ಸಮುದ್ರವನ್ನೇ ನೋಡಿರದ ಅತ್ತೆಯೂ ಹೊರಟರು.

ಮೂರನೆಯ ಬೆಳಿಗ್ಗೆ ಗರಿಗಳ ಸದ್ದು ಕಡಿಮೆಯಾಗಿತ್ತು. ದೋಣಿಯವನು ಹಿಂದಿಯಲ್ಲಿ ಹೇಳಿದ: ಒಂದು ಸುತ್ತು ಹೋಗಿ ಬರಬಹುದು, ಆದರೆ ನೀರು ಇಳಿಯುವ ಮೊದಲೇ ತಿರುಗಬೇಕು, ಇಲ್ಲದಿದ್ದರೆ ದೋಣಿಯ ತಳ ಹವಳಕ್ಕೆ ತಾಗುತ್ತದೆ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಅದು ಒಂದೇ ಹಾಯಿಯ ಸಣ್ಣ ದೋಣಿ. ಗಾಳಿ ಹಿಡಿಯಲು ಹಾಯಿಯನ್ನು ಆಚೆಗೆ ತಿರುಗಿಸುವಾಗ ಅದರ ಅಡಿಯ ಮರದ ಕೋಲು ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ದೋಣಿಯವನು ಕೂಗಿದಾಗಲೆಲ್ಲ ಮೂವರೂ ಬಗ್ಗಬೇಕು. ಅತ್ತೆ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಅದರ ಸಂದಿಯಿಂದ ಸೆರಗನ್ನು ಹೊರಗೆಳೆದು ತಲೆಗೆ ಹೊದ್ದಿದ್ದರು. ಮಡಿಲಲ್ಲಿ ಕಟಕ ರೊಟ್ಟಿಯ ಡಬ್ಬಿ.

"ಒಂದ ಸಲ ಬಾಗಿದ್ರ ಸಾಲದೇನ ಇವಂಗ? ಹೊಸ ಮದುಮಗಳ ಕಡಿಂದ ನಮಸ್ಕಾರ ಮಾಡಿಸಿದಂಗ ಮಾಡಸ್ತಾನ" ಎಂದರು.

ನೀರು ಹಸಿರಿನಿಂದ ನೀಲಿಗೆ ತಿರುಗುವ ಕಡೆ ದೋಣಿ ನಿಂತಿತು. ಅತ್ತೆ ಅಂಚಿನಿಂದ ಬಗ್ಗಿ ನೋಡಿದರು. "ಇದೇನ? ಹವಳ ಅಂದ್ರ ಕೆಂಪಿರಬೇಕಲ್ಲ. ನೆಲಕ್ಕ ಹೆಂಡಿ ಬಳದಂಗ ಕಾಣತೈತಿ."

"ಒಳಗಿಂದ ನೋಡಬೇಕ್ರಿ ಅತ್ತಿ."

ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕ್, ಬಾಯಲ್ಲಿ ಕಚ್ಚಿ ಉಸಿರಾಡುವ ಕೊಳವೆ, ಮೈಮೇಲೆ ಚೂಡಿದಾರ, ಅದರ ಮೇಲೆ ಜಾಕೆಟ್. ನಮ್ಮ ಮನೆಯವರು ಮೊದಲೇ ಇಳಿದು ತೇಲುತ್ತಿದ್ದರು. ನಾನು ಏಣಿ ಇಳಿದು, ಉಸಿರು ಹಿಡಿದು, ಮುಖ ಮುಳುಗಿಸಿದೆ. ಮಾಸ್ಕಿನೊಳಗೆ ನೀರು ನುಗ್ಗಿತು. ಮೂಗು, ಗಂಟಲು ಎಲ್ಲ ಉಪ್ಪು. ಕೆಮ್ಮುತ್ತ ಮೇಲೆ ಬಂದೆ.

ದೋಣಿಯವನು ಪಟ್ಟಿ ಬಿಗಿಮಾಡಿದ. ಮತ್ತೆ ನೀರು. ಪಟ್ಟಿಯ ಅಡಿ ಸಿಕ್ಕ ಕೂದಲು ತೆಗೆಸಿದ. ಮತ್ತೆ ನೀರು. ಬೇರೆ ಮಾಸ್ಕ್ ಕೊಟ್ಟ. ಅದರಲ್ಲೂ ನೀರು. ಹತ್ತಿರದಲ್ಲೇ ನಮ್ಮ ಮನೆಯವರು ತಲೆ ಎತ್ತಿ, "ಭಾರಿ ಅದಾವ ಮೀನ! ನೋಡಿದೇನ?" ಎಂದರು. ನನಗೆ ಅಳು ಬರುವ ಹಾಗಿತ್ತು. ದೋಣಿಯವನು ನನ್ನನ್ನು ಬಿಟ್ಟು ನೀರನ್ನು ನೋಡತೊಡಗಿದ್ದ. ದೂರದ ದಿಣ್ಣೆಯಲ್ಲಿ ಹವಳದ ಕಪ್ಪು ತುದಿಗಳು ನೀರಿನಿಂದ ಹೊರಗೆ ಕಾಣಿಸಿಕೊಂಡಿದ್ದವು. ಇನ್ನೊಂದು ಸಲ, ಆಮೇಲೆ ಹೊರಡೋಣ ಎಂದ.

"ತಡಿಯಪ್ಪ" ಎಂದರು ಅತ್ತೆ. "ತಂಗಿ, ನೀ ಮೂಗ ಯಾಕ ಹಿಡಕೋತಿ?"

"ನಾ ಎಲ್ಲಿ ಹಿಡಕೋತೇನ್ರಿ?"

"ಮುಳಗೂವಾಗೆಲ್ಲ ಹಿಡಕೋತಿ. ನಾ ಮ್ಯಾಲ ಕುಂತು ನೋಡಾಕತ್ತೇನಿ. ಕಣ್ಣರ ತಗದಿರತೀಯೋ ಇಲ್ಲೋ?"

ಕಣ್ಣು ತೆರೆದಿರಲಿಲ್ಲ. ಅದು ನನಗೆ ಆಗಲೇ ಗೊತ್ತಾದದ್ದು. ಮದುವೆಯಾದ ವರ್ಷ ಕೂಡಲಸಂಗಮದ ಹೊಳೆಯಲ್ಲಿ ನನ್ನನ್ನು ಮೊದಲು ಮುಳುಗಿಸಿದವರು ಅತ್ತೆಯೇ. ಮೂಗು ಹಿಡಿ, ಕಣ್ಣು ಮುಚ್ಚು, ಮುಳುಗು, ಏಳು. ಅಂದಿನಿಂದ ವರ್ಷ ವರ್ಷ ಅದೇ. ನೀರು ಮುಖಕ್ಕೆ ಬಂದರೆ ಸಾಕು, ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಬೆರಳು ಒತ್ತಿದ ರಭಸಕ್ಕೆ ಮಾಸ್ಕಿನ ಅಂಚು ಕೆನ್ನೆಯಿಂದ ಏಳುತ್ತಿತ್ತು.

ನಮ್ಮ ಮನೆಯವರು ನೀರಿನಲ್ಲೇ ನಗತೊಡಗಿದರು. "ಸಂಗಮಕ್ಕ ಬಂದೇನಿ ಅಂದ್ಕೊಂಡಾಳವ್ವ ಈಕಿ. ಒಂದು ಕಾಯಿನೂ ಒಡಸು."

"ನಗಬ್ಯಾಡ ನೀ. ಕಲಿಸಿದಾಕಿ ನಾ" ಎಂದು ಅತ್ತೆ ರೊಟ್ಟಿ ಡಬ್ಬಿ ಪಕ್ಕಕ್ಕಿಟ್ಟು ಅಂಚಿಗೆ ಸರಿದರು. "ಎರಡೂ ಕೈ ಇಲ್ಲಿ ಕೊಡು. ನಾ ಬಿಡೂದಿಲ್ಲ."

ನನ್ನ ಮಣಿಕಟ್ಟುಗಳನ್ನು ಹಿಡಿದರು. ಬಳೆಗಳು ಒತ್ತಿದವು. ಮುಖ ನೀರಿಗೆ ತಾಗಿದ್ದೇ ಬಲಗೈ ಎಳೆಯಿತು, ಅವರು ಬಿಡಲಿಲ್ಲ. ಕೊಳವೆಯಲ್ಲಿ ಉಸಿರು ಬಂತು. ಕಣ್ಣು ತೆರೆದೆ.

ಮೊದಲು ಸದ್ದು. ಯಾರೂ ಈ ಸದ್ದಿನ ಬಗ್ಗೆ ಹೇಳಿರಲಿಲ್ಲ. ಬಾಣಲೆಯಲ್ಲಿ ಜೋಳದ ಅಳ್ಳು ಸಿಡಿದ ಹಾಗೆ ನಾಲ್ಕೂ ಕಡೆ ಚಟಚಟ. ಆಮೇಲೆ ಹವಳ. ಚಿತ್ರದಲ್ಲಿದ್ದ ಹಾಗಿರಲಿಲ್ಲ. ಬಹುಪಾಲು ಬೂದು ಬಣ್ಣದ ಮುರುಕು ಕೊಂಬೆಗಳ ರಾಶಿ, ಮೇಲೆ ಪಾಚಿ. ಕ್ವಾರಿಯ ಹೊರಗೆ ಸುರಿದ ಚೂರುಕಲ್ಲಿನಂತೆ. ಸತ್ತದ್ದೆಂದು ನನಗೆ ತಿಳಿಯಿತು. ಅದರ ನಡುವೆ ಒಂದು ಕಡೆ ನೀಲಿ ತುದಿಯ ಪೊದೆ ಜೀವಂತವಾಗಿತ್ತು. ಬೆರಳುದ್ದದ ಮೀನುಗಳು ಅದರೊಳಗೆ ನುಗ್ಗುತ್ತಿದ್ದವು, ಹೊರಗೆ ಬರುತ್ತಿದ್ದವು. ಆ ನೀಲಿಯ ಪಕ್ಕದಲ್ಲೇ ಒಂದು ಕೊಂಬೆ ಆಗತಾನೆ ಬೆಳ್ಳಗಾಗಿತ್ತು, ಸುಣ್ಣ ಬಳಿದ ಹಾಗೆ; ಅದೂ ಸಾಯತೊಡಗಿದೆ ಎನಿಸಿತು. ಅದರ ಆಚೆ ಏನಿದೆಯೋ ನೋಡಬೇಕೆಂದು ಕಾಲು ಬಡಿದೆ. ಅತ್ತೆಯ ಕೈಗಳು ಮೇಲಕ್ಕೆ ಎಳೆದವು.

ದೋಣಿ ತಿರುಗಿಸಲೇಬೇಕಾಗಿತ್ತು.

ಹತ್ತಿ ಕುಳಿತಾಗ ಮೈಯಿಂದ ನೀರಿಳಿಯುತ್ತಿತ್ತು. ನಮ್ಮ ಮನೆಯವರು ಟವೆಲ್ ಕೊಟ್ಟು, "ಆತಲ್ಲ, ನೋಡಿದಿ. ಈಗರ ಸಮಾಧಾನ ಆತಿಲ್ಲೋ?" ಎಂದರು.

"ಅರ್ಧ ಸತ್ತೈತ್ರಿ" ಎಂದೆ.

ಅತ್ತೆ ನನ್ನ ಮಣಿಕಟ್ಟಿನ ಕೆಂಪು ಗುರುತು ತಿಕ್ಕುತ್ತ ಕೇಳಿದರು, "ಇನ್ನರ್ಧ?"

"ಐತ್ರಿ. ಪೂರಾ ನೋಡಲಿಲ್ಲ."

"ತಮ್ಮಾ, ಮುಂದಿನ ವರ್ಷಾನೂ ಇಲ್ಲೇ" ಎಂದರು ಮಗನಿಗೆ.

"ಅಷ್ಟೊತ್ತಿಗೆ ಇರತೈತೋ ಇಲ್ಲೋ" ಎಂದೆ. ಮಾತು ಬಿರುಸಾಯಿತು. ಅಷ್ಟರಲ್ಲಿ ಹಾಯಿ ತಿರುಗಿಸಲು ದೋಣಿಯವನು ಕೂಗಿದ. ಅವರಿಬ್ಬರೂ ಬಗ್ಗಿದರು. ನಾನು ನೀರಿನ ಕಡೆಗೇ ಕತ್ತು ಚಾಚಿ ಕುಳಿತಿದ್ದೆ. ಅತ್ತೆಯೇ ನನ್ನ ತಲೆಯನ್ನು ಒತ್ತಿ ಕೆಳಗೆ ಬಗ್ಗಿಸಿದರು.