ಓನರಮ್ಮನ ಆಷಾಢ

ರಾಜಗೋಪಾಲನಗರದ ಆ ಓನರಮ್ಮ ಮಾತಿಗೆ ಮುಂಚೆ ಸೊಂಟದ ಬೀಗದಕೈ ಗೊಂಚಲು ಕುಲುಕುತ್ತಿದ್ದರು. ಕಾಲೇಜು ಶುರುವಾಗುವ ಮೊದಲೇ ಹೋಗಿ, ಖಾಲಿಯಿದ್ದ ಕೋಣೆ ಕೇಳಿದೆ.

"ಅವಸರ ಯಾಕವ್ವಾ? ಆಷಾಢದಲ್ಲಿ ಯಾರಾದ್ರೂ ಹಾಲುಕ್ಕಿಸ್ತಾರಾ? ಶ್ರಾವಣಕ್ಕೆ ಬಾ, ರೂಮು ನಿಂಗೇ."

ನಂಬಿದೆ. ನಮ್ಮ ಮನೆಯಿಂದ ಕಾಲೇಜಿಗೆ ಹೊರಟವಳು ನಾನೇ ಮೊದಲು. ರೂಮು ಯಾವಾಗ ಹುಡುಕಬೇಕೆಂದು ಹೇಳುವವರು ಯಾರಿದ್ದರು? ಶ್ರಾವಣದ ಮೊದಲ ದಿನವೇ ಹಾಸಿಗೆ ಹೊತ್ತು ಹೋದರೆ, ಕೋಣೆಯ ಮುಂದೆ ಯಾರದೋ ಬಟ್ಟೆ ಒಣಗುತ್ತಿತ್ತು.

"ಮೊನ್ನೇನೇ ಕಂಪ್ನಿಯೋರು ಬಂದ್ರು. ನೀನು ಮುಂಚೇನೇ ಬರೋದಲ್ವಾ?"

"ಮೊನ್ನೆ ಆಷಾಢ ಅಲ್ವಾಮ್ಮಾ?"

"ಅವ್ರು ಸಂಬಳದೋರು ಕಣವ್ವಾ."

ಊರಿಂದ ದಿನಾ ಬಸ್ಸಲ್ಲಿ ನಿಂತು ಬಂದೇ ಡಿಗ್ರಿ ಪಡೆದೆ. ಈ ಆಷಾಢದಲ್ಲಿ, ಕೊರಳಲ್ಲಿ ಕಂಪನಿಯ ಕಾರ್ಡು ಹಾಕಿಕೊಂಡು, ಕಾಲೇಜು ಸೇರಲಿದ್ದ ತಂಗಿಯನ್ನು ಕರೆದುಕೊಂಡು, ಅವಳಿಗೆ ರೂಮು ಕೇಳಲು ಅದೇ ಬಾಗಿಲು ತಟ್ಟಿದೆ.

ಗೊಂಚಲು ಕುಲುಕಿ, "ಇವತ್ತೇ ಹಾಲುಕ್ಕಿಸಿ ಮೇಡಂ," ಅಂದರು.

"ಶ್ರಾವಣಕ್ಕೆ ಬರ್ತೀನಮ್ಮಾ," ಎಂದು ತಂಗಿಯ ಕೈ ಹಿಡಿದು ಮುಂದಿನ ಬೀದಿಗೆ ನಡೆದೆ.