ಬರ್ತೀನಿ ಅಂದಿದ್ದಕ್ಕೆ

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ದೆವ್ವ, ಮಾಟ, ದಾರಿ ತಪ್ಪಿಸುವ ಗಾಳಿ ಇವೆಲ್ಲ ಇಲ್ಲವೇ ಇಲ್ಲ ಎಂದವಳು ನಾನು. ಕೆಲವು ವರ್ಷಗಳ ಹಿಂದೆ ಒಂದೇ ದಿನ ಇಬ್ಬರ ಮಾತೂ ಬಿದ್ದುಹೋಯಿತು. ದೊಡ್ಡಪ್ಪನ ಮಾತು ಬಿದ್ದದ್ದಕ್ಕೆ ಖುಷಿಯಿದೆ. ನನ್ನದು ಹೇಗೆ ಬಿತ್ತೆಂದು ಇಂದಿಗೂ ತಿಳಿದಿಲ್ಲ.

ಓದುತ್ತಲೇ ನಾನು ಮನೆಮನೆ ಸಮೀಕ್ಷೆಯ ಕೆಲಸ ಮಾಡುತ್ತಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತಿತ್ತು. ಕಟ್ಟಿಕೊಂಡ ಬುತ್ತಿ ಬಿಸಿಲಿಗೆ ಹಳಸುತ್ತಿತ್ತು. ಹಾಗಾಗಿ ಎಲ್ಲಿ ಏನು ತಿನ್ನಬೇಕೆಂಬುದು ನನಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಗೆ ಬಂದಿತ್ತು. ಗಂಗಾವತಿಯಲ್ಲಿ ಅನ್ನ, ಆಂಧ್ರದ ಬೇಳೆ ಪಪ್ಪು. ಕೊಪ್ಪಳದಲ್ಲಿ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ರೊಟ್ಟಿಗೆ ಮಾತ್ರ ಬೋರ್ಡು ನೋಡಬಾರದು, ಬಡಿಯುವ ಸಪ್ಪಳ ಕೇಳಿ ಒಳಗೆ ಹೋಗಬೇಕು.

ಅವತ್ತು ಹೊರಟಿದ್ದು ಸಮೀಕ್ಷೆಗಲ್ಲ. ಕೊಪ್ಪಳದ ಕಾಲೇಜಿನಿಂದ ಡಿಗ್ರಿ ಸರ್ಟಿಫಿಕೇಟ್ ತರಬೇಕಿತ್ತು. ಅದನ್ನು ಮರುದಿನ ತೋರಿಸದಿದ್ದರೆ ಸಿಕ್ಕ ಕಾಯಂ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಯಲಬುರ್ಗಾದಿಂದ ಹತ್ತಿದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಮೆಕ್ಕೆಜೋಳದ ಹೊಲದಾಚೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ತಡೆಯಲಾಗದೆ ಇಳಿದೆ. ಕಾಲುದಾರಿಯಲ್ಲಿ ನಮ್ಮ ಬಸ್ಸಿನ ಗಂಡ ಹೆಂಡತಿ ಇಬ್ಬರು ಉಂಡು ಬಾಯಿ ಒರೆಸಿಕೊಳ್ಳುತ್ತ ಎದುರಾದರು.

ತಗಡಿನ ಖಾನಾವಳಿ. ಒಬ್ಬಳೇ ಮುದುಕಿ.

"ಎಲ್ಲಿಗೆ ಹೊಂಟಿ ಯವ್ವ?"

"ಕೊಪ್ಪಳಕ್ಕ ಬೇ ಆಯಿ. ಸರ್ಟಿಫಿಕೇಟ್ ತರಾಕ."

"ಅದನ್ನೇನು ಕಡಕೊಂಡು ತಿಂತಾರೇನು? ಇನ್ನೊಂದ್ ರೊಟ್ಟಿ ಹಾಕ್ಕೋ."

ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಸರು, ಶೇಂಗಾ ಹಿಂಡಿ. ಅಂಥ ಊಟ ನಾನು ಮತ್ತೆಲ್ಲೂ ಉಂಡಿಲ್ಲ, ಇದನ್ನು ಭಯದ ನಡುವೆಯೂ ಹೇಳಲೇಬೇಕು. ಕೈ ತೊಳೆದು, ದುಡ್ಡು ಕೊಟ್ಟು, ಎಲ್ಲರೂ ಹೇಳುವಂತೆ "ಬರ್ತೀನಿ ಬೇ ಆಯಿ" ಎಂದು ಹೊರಟೆ.

ಕಾಲುದಾರಿ ಒಂದೇ. ಅದಕ್ಕೆ ಕವಲಿಲ್ಲ. ಎರಡೂ ಬದಿಗೆ ಆಳೆತ್ತರದ ಮೆಕ್ಕೆಜೋಳ. ಎದುರಿಗೆ ಬಿಸಿಲಿಗೆ ಹೊಳೆಯುತ್ತಿದ್ದದ್ದು ಬಸ್ಸಿನ ನೆತ್ತಿ ಎಂದುಕೊಂಡಿದ್ದೆ. ಹತ್ತಿರ ಬಂದರೆ ಖಾನಾವಳಿಯ ತಗಡು.

"ಬಂದ್ಯಾ ಯವ್ವ? ಕುಂದ್ರು" ಎಂದು ಮುದುಕಿ ತಾಟು ಇಟ್ಟಳು. ಅವಳಿಗೆ ಆಶ್ಚರ್ಯವೇ ಇರಲಿಲ್ಲ.

ಹೊಟ್ಟೆ ತುಂಬಿ ತಲೆ ತಿರುಗಿರಬೇಕೆಂದು ನಕ್ಕು, ಬರ್ತೀನಿ ಎಂದು ಮತ್ತೆ ಹೊರಟೆ. ಮತ್ತೆ ತಗಡು. ಮೂರನೇ ಸಲ ಬರ್ತೀನಿ ಎಂದವಳು ದಾರಿ ಬಿಟ್ಟು ಹೊಲಕ್ಕೇ ನುಗ್ಗಿದೆ. ಎಲೆಯ ಅಂಚು ತಾಗಿ ಕೈ ಗೀರಿತು, ಬೆವರಿಗೆ ಉರಿಯಿತು. ಹೊಲ ಮುಗಿದಾಗ ನಾನು ಕೈ ತೊಳೆದ ಬಾನಿಯ ಪಕ್ಕದಲ್ಲೇ ನಿಂತಿದ್ದೆ. ದೂರದಲ್ಲಿ ಬಸ್ಸಿನ ಹಾರ್ನು. ಕಾಲೇಜಿನ ಬಾಗಿಲು ಮುಚ್ಚುತ್ತಿರುವುದು ಕಣ್ಣಿಗೆ ಕಟ್ಟಿತು. ಬಿ.ಎ. ಓದಿದ್ದೇನೆ ಎನ್ನುವುದನ್ನೂ ಮರೆತು ಅಳುತ್ತಾ ಕೇಳಿದೆ, "ನನ್ನ ಯಾಕ ಹಿಡದಿ ಬೇ?"

"ನಾ ಎಲ್ಲಿ ಹಿಡದೀನಿ? ನೀನ ಬರ್ತೀನಿ ಬರ್ತೀನಿ ಅಂತಿ, ಬರ್ತಿ."

ಆಗ ನನಗೆ ಹೊಳೆಯಿತು. ಹೊಳೆದರೂ ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಮನೆ ಬಿಡುವಾಗ "ಹೋಗ್ತೀನಿ" ಎನ್ನುವುದಿಲ್ಲ. ಹೋಗುವುದೆಂದರೆ ಮಣ್ಣಿಗೇ. ಚಿಕ್ಕವಳಿದ್ದಾಗ ಬಾಯಿ ತಪ್ಪಿ ಅಂದರೆ ಅವ್ವ ಬಾಯಿ ಮೇಲೆ ಹೊಡೆಯುತ್ತಿದ್ದಳು. ಹಾರ್ನು ಮತ್ತೆ ಕೇಳಿತು. ಕಣ್ಣು ಮುಚ್ಚಿ ಅಂದುಬಿಟ್ಟೆ.

"ಆಯಿ, ಹೋಗ್ತೀನಿ."

ರೊಟ್ಟಿ ಬಡಿಯುವ ಕೈ ನಿಂತಿತು. "ಹೋಗ್ತೀಯಾ?" ಎಂದಳು, ಬಹಳ ಸಣ್ಣ ದನಿಯಲ್ಲಿ. ನನಗೆ ಇಟ್ಟಿದ್ದ ತಾಟನ್ನು ಬೋರಲು ಹಾಕಿದಳು. ನಾನು ತಿರುಗಿ ನೋಡದೆ ನಡೆದೆ. ಅದೇ ದಾರಿ, ಡಾಂಬರು ರಸ್ತೆಗೆ ಬಂದು ಸೇರಿತು.

ಬಸ್ಸು ಹತ್ತಿದಾಗ ಆ ಗಂಡ ಹೆಂಡತಿ ಮುಂದಿನ ಸೀಟಿನಲ್ಲಿದ್ದರು. "ಆಯಿ ಕೈಯಾಗಿನ ಎಣಗಾಯಿ ಭಾಳ ಛಲೋ ಇತ್ತಲ್ಲ, ತಂಗಿ?" ಎಂದು ಗಂಡ ಕೇಳಿದ.

"ನೀವು ಬರೂ ಮುಂದ ಅಕಿಗೆ ಏನಂದ್ರಿ?"

"ಏನಂತೀವಿ? ಬರ್ತೀವಿ ಅಂದ್ವಿ."

"ಮತ್ತೇನು ಹೋಗ್ತೀವಿ ಅಂತಾರೇನು, ಹುಚ್ಚಿ!" ಎಂದು ಹೆಂಡತಿ ನಕ್ಕಳು.

ಅದೇ ಮಾತು, ಅದೇ ದಾರಿ. ಅವರನ್ನು ಬಿಟ್ಟದ್ದು ನನ್ನನ್ನು ಏಕೆ ಹಿಡಿಯಿತು? ಬಿಸಿಲು ತಲೆಗೇರಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಿಸಿಲು ತಲೆಗೇರಿದವರು ದಾರಿ ತಪ್ಪುತ್ತಾರೆ, ಮೂರು ಸಲವೂ ಒಂದೇ ಬಾಗಿಲಿಗೆ ಬರುವುದಿಲ್ಲ. ಆ ಖಾನಾವಳಿ ಈಗಲೂ ಇದೆ, ಜನ ಉಂಡು ಹೊಗಳುತ್ತಾರೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಬಸ್ಸಿನ ಆಚೆ ಬದಿಯ ಸೀಟು ಹಿಡಿಯುತ್ತೇನೆ.

ಕಾಲೇಜು ಮುಚ್ಚುವಷ್ಟರಲ್ಲಿ ಮುಟ್ಟಿದೆ. ಸಂಜೆ ಮನೆಗೆ ಬಂದು ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟು, ನಡೆದದ್ದೆಲ್ಲ ಹೇಳಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಮುಂದಿಟ್ಟು, ನನ್ನ ಕಡೆ ತಿರುಗಿದಳು.

"ಇಷ್ಟು ಓದಿ, ಅನ್ನ ಹಾಕಿದಾಕಿಗೆ ಎಂಥಾ ಮಾತು ಅಂದು ಬಂದಿ! ನಾಳೆ ಮೊದಲ ಅಕಿ ಕಡೆ ಹೋಗು. 'ಬರ್ತೀನಿ' ಅಂತ ಹೇಳಿ ಬಾ."